‘ಅದೇ’ ಮತ್ತು ‘ಅಂಥದೇ’: ಅಂದಾಜು ಪಟ್ಟಿಯಲ್ಲಿ ಒಂದು ನಕಲಿನ ಬಟನ್

ಕಟ್ಟಡ ಕಾಮಗಾರಿಯ ಅಂದಾಜು ಪಟ್ಟಿ ತಯಾರಿಸುವ ತಂತ್ರಾಂಶವೊಂದರ ಕೆಲಸದಲ್ಲಿ ನಾನು ಕೆಲವು ವರ್ಷಗಳಿಂದ ತೊಡಗಿದ್ದೇನೆ. ಅದರಲ್ಲಿ ಗೋಡೆ, ಕಿಟಕಿ, ಕೊಠಡಿ, ಮಹಡಿ ಎಲ್ಲವೂ ಒಂದೊಂದು ಪ್ರತ್ಯೇಕ ವಸ್ತು. ಪ್ರತಿಯೊಂದಕ್ಕೂ ಅದರದೇ ಅಳತೆ, ಅದರದೇ ದರ, ಅಕ್ಕಪಕ್ಕದ ವಸ್ತುಗಳೊಂದಿಗೆ ಅದರದೇ ಸಂಬಂಧ. ಒಂದು ಮಹಡಿಯ ವಿವರ ತುಂಬಿದ ಮೇಲೆ ಉಳಿದ ಮಹಡಿಗಳು ಒಂದೇ ಒತ್ತಿಗೆ ಮೂಡಬೇಕು ಎಂಬುದು ಗುತ್ತಿಗೆದಾರರ ಬಹಳ ದಿನಗಳ ಬೇಡಿಕೆಯಾಗಿತ್ತು. ಇದು ಎರಡು ದಿನದ ಕೆಲಸ ಎಂದು ನಾನು ಸಭೆಯಲ್ಲಿ ಹೇಳಿಬಿಟ್ಟೆ. ಐದು ತಿಂಗಳು ಹಿಡಿಯಿತು.

ಮೊದಲ ಆವೃತ್ತಿ ನೋಡಲು ಚೆನ್ನಾಗಿಯೇ ಕೆಲಸ ಮಾಡಿತು. ಅದನ್ನು ಬಳಸಿದ ಗುತ್ತಿಗೆದಾರರೊಬ್ಬರು ನೆಲಮಹಡಿಯ ವಿವರವನ್ನು ಪೂರ್ತಿ ತುಂಬಿ, ಅದನ್ನೇ ಮೇಲಿನ ಮೂರು ಮಹಡಿಗಳಿಗೆ ನಕಲು ಮಾಡಿಕೊಂಡರು. ಒಂದೆರಡು ವಾರದ ಬಳಿಕ ಮನೆಯ ಮಾಲೀಕರು ಮನಸ್ಸು ಬದಲಿಸಿ ನೆಲಮಹಡಿಯನ್ನು ವಾಹನ ನಿಲುಗಡೆಗೆ ಬಿಡೋಣ ಎಂದಾಗ ಅಲ್ಲಿನ ಗೋಡೆ, ಕಿಟಕಿಗಳನ್ನು ಪಟ್ಟಿಯಿಂದ ಅಳಿಸಿದರು. ಪಟ್ಟಿಯನ್ನು ಕೈಯಲ್ಲಿ ತಾಳೆ ನೋಡುವ ಅಭ್ಯಾಸವಿದ್ದ ಅವರ ಹಿರಿಯ ಎಂಜಿನಿಯರ್ ಮರುದಿನ ನನಗೆ ಫೋನ್ ಮಾಡಿ, “ಏನಪ್ಪಾ, ಬಡಗಿಯ ಲೆಕ್ಕದಲ್ಲಿ ಕಿಟಕಿಗಳಿವೆ, ಗಾರೆಯವನ ಲೆಕ್ಕದಲ್ಲಿ ಒಂದೂ ಇಲ್ಲವಲ್ಲ, ಗೋಡೆ ಕಟ್ಟಿ ಆಮೇಲೆ ಒಡೆಯಬೇಕೇನು?” ಎಂದು ಕೇಳಿದರು.

ಆದದ್ದು ಇಷ್ಟು. ಗೋಡೆಯ ಪ್ರಮಾಣದಿಂದ ಕಿಟಕಿಯ ಜಾಗವನ್ನು ಕಳೆಯುವ ಡಿಡಕ್ಷನ್ ಸಾಲು ಯಾವ ಕಿಟಕಿಯನ್ನು ನೋಡಬೇಕು ಎಂಬ ಗುರುತನ್ನು ಇಟ್ಟುಕೊಂಡಿರುತ್ತದೆ. ನಾನು ಗೋಡೆಯನ್ನೂ ಕಿಟಕಿಯನ್ನೂ ನಕಲು ಮಾಡಿದ್ದೆ. ಆ ಗುರುತನ್ನು ಮಾತ್ರ ಇದ್ದ ಹಾಗೆಯೇ ಬಿಟ್ಟಿದ್ದೆ. ಹೀಗಾಗಿ ಮೂರನೇ ಮಹಡಿಯ ಗೋಡೆಯೂ ನೆಲಮಹಡಿಯ ಕಿಟಕಿಯನ್ನೇ ನೋಡುತ್ತಿತ್ತು. ಆ ಕಿಟಕಿ ಹೋದೊಡನೆ ಕಳೆಯಬೇಕಾದದ್ದು ಸೊನ್ನೆಯಾಯಿತು. 1.5 ಮೀಟರ್ ಅಗಲ, 1.2 ಮೀಟರ್ ಎತ್ತರದ ಕಿಟಕಿ 200 ಮಿಲಿಮೀಟರ್ ದಪ್ಪದ ಬ್ಲಾಕ್ ಗೋಡೆಯಲ್ಲಿ 0.36 ಘನ ಮೀಟರ್ ಜಾಗ ಹಿಡಿಯುತ್ತದೆ. ಮಹಡಿಗೆ 11ರಂತೆ 33 ಕಿಟಕಿಗಳೆಂದರೆ ಸುಮಾರು 12 ಘನ ಮೀಟರ್ ಗೋಡೆ ಇಲ್ಲದೆಯೇ ಲೆಕ್ಕಕ್ಕೆ ಬಂದಿತ್ತು. ಗಾರೆಯ ಲೆಕ್ಕವೂ ಕೆಟ್ಟಿತ್ತು. ಕಟ್ಟಡ ಕೆಲಸಗಳನ್ನು ಅಳೆಯುವ ಕ್ರಮದ ಭಾರತೀಯ ಮಾನಕವಾದ ಐ.ಎಸ್. 1200ರ 12ನೇ ಭಾಗದ ಪ್ರಕಾರ 0.5 ಚದರ ಮೀಟರಿಗಿಂತ ದೊಡ್ಡದಾದ, 3 ಚದರ ಮೀಟರ್ ಮೀರದ ತೆರಪಿಗೆ, ಗೋಡೆಯ ಎರಡೂ ಬದಿಗೆ ಒಂದೇ ಬಗೆಯ ಗಾರೆಯಿದ್ದರೆ, ಒಂದು ಬದಿಯನ್ನು ಮಾತ್ರ ಕಳೆಯಬೇಕು; ಆ ಲೆಕ್ಕದಲ್ಲಿ ಕಿಟಕಿಗೆ 1.8ರಂತೆ 59.4 ಚದರ ಮೀಟರ್ ಹೆಚ್ಚುವರಿ ಗಾರೆ ಬಿಲ್ಲಿಗೆ ಸೇರಿತ್ತು.

ಪರಿಹಾರ ಹೇಳಲು ಸುಲಭ. ನಕಲಾಗುವ ಗುಂಪಿನ ಪ್ರತಿ ವಸ್ತುವಿಗೂ ಮೊದಲು ಹೊಸ ಗುರುತು ಕೊಟ್ಟು, ಹಳೆಯದಕ್ಕೆ ಹೊಸದು ಯಾವುದು ಎಂಬ ಕೋಷ್ಟಕ ಮಾಡಿಕೊಳ್ಳಬೇಕು. ಎರಡನೇ ಸುತ್ತಿನಲ್ಲಿ ಪ್ರತಿ ಸಂಬಂಧವನ್ನೂ ನೋಡಿ, ಅದು ಗುಂಪಿನ ಒಳಗಿನದಾದರೆ ಹೊಸ ಗುರುತಿಗೆ ತಿರುಗಿಸಬೇಕು, ಹೊರಗಿನದಾದರೆ ಇದ್ದಂತೆ ಬಿಡಬೇಕು. ಮೂರನೇ ಮಹಡಿಯ ಗೋಡೆಗೆ ಮೂರನೇ ಮಹಡಿಯ ಕಿಟಕಿಯೇ ಬೇಕು. ಸಿಮೆಂಟಿನ ದರ ಮಾತ್ರ ಎಲ್ಲರಿಗೂ ಸೇರಿದ ಒಂದೇ ದರಪಟ್ಟಿಯಿಂದ ಬರಬೇಕು.

ಈ ತಲೆನೋವು ನನಗಿಂತ ಎಷ್ಟೋ ಹಳೆಯದು. 1979ರಲ್ಲಿ ಬಂದ ಸ್ಪ್ರೆಡ್‌ಶೀಟ್ (ಸಾಲು-ಕಾಲಂಗಳ ಲೆಕ್ಕದ ಹಾಳೆ) ತಂತ್ರಾಂಶ ವಿಸಿಕ್ಯಾಲ್ಕ್‌ನಲ್ಲಿ ಸೂತ್ರವೊಂದನ್ನು ಬೇರೆ ಕೋಶಗಳಿಗೆ ನಕಲು ಮಾಡುವಾಗ, ಅದರೊಳಗಿನ ಒಂದೊಂದು ಉಲ್ಲೇಖಕ್ಕೂ ಇದು ಬದಲಾಗಬಾರದೋ ಅಥವಾ ಜಾಗಕ್ಕೆ ತಕ್ಕಂತೆ ಸರಿಯಬೇಕೋ ಎಂದು ತಂತ್ರಾಂಶವೇ ಕೇಳುತ್ತಿತ್ತು. ಈಗಿನ ಸ್ಪ್ರೆಡ್‌ಶೀಟ್‌ಗಳಲ್ಲಿ ಬದಲಾಗಬಾರದ ಉಲ್ಲೇಖಕ್ಕೆ ನಾವು ಡಾಲರ್ ಚಿಹ್ನೆ ಹಾಕಿ ಮೊದಲೇ ಹೇಳಿಬಿಡುತ್ತೇವೆ, ಅಥವಾ ಹಾಕಲು ಮರೆತು ಆಮೇಲೆ ಪರದಾಡುತ್ತೇವೆ. ಅದಕ್ಕೂ ಮೊದಲು, 1963ರಲ್ಲಿ, ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್‌ಲ್ಯಾಂಡ್ ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಚಿತ್ರ ಬರೆಯುವ ತಂತ್ರಾಂಶ ಸ್ಕೆಚ್‌ಪ್ಯಾಡ್‌ನಲ್ಲಿ ಒಂದು ಮೂಲಚಿತ್ರವನ್ನು ತಿದ್ದಿದರೆ ಅದರ ಪಡಿಯಚ್ಚುಗಳೆಲ್ಲ ತಾವಾಗಿಯೇ ಬದಲಾಗುತ್ತಿದ್ದವು.

ಸ್ಕೆಚ್‌ಪ್ಯಾಡ್ ಬಗ್ಗೆ ಓದುವಾಗ ನನಗೆ ಕಾಮಗಾರಿಯ ಅಳತೆಗಳನ್ನು ಬರೆದಿಡುವ ನಮ್ಮ ಅಳತೆ ಪುಸ್ತಕ ನೆನಪಾಯಿತು. ಅದರಲ್ಲಿ ಉದ್ದ, ಅಗಲ, ಎತ್ತರಗಳಿಗೂ ಮೊದಲು ‘ಸಂಖ್ಯೆ’ ಎಂಬ ಕಾಲಂ ಇರುತ್ತದೆ. ಒಂದೇ ಅಳತೆಯ ಎಂಟು ಕಂಬಗಳಿದ್ದರೆ ಯಾರೂ ಎಂಟು ಸಾಲು ಬರೆಯುವುದಿಲ್ಲ. ಆ ಕಾಲಮ್ಮಿನಲ್ಲಿ 8 ಎಂದು ಬರೆದು ಮುಂದೆ ಹೋಗುತ್ತಾರೆ. ಕಂಬಗಳಲ್ಲಿ ಒಂದು ಬೇರೆ ಅಳತೆಯದಾದರೆ 8 ಅನ್ನು 7 ಮಾಡಿ, ಕೆಳಗೆ ಇನ್ನೊಂದು ಸಾಲು ಸೇರಿಸುತ್ತಾರೆ. ನಾನು ಕಟ್ಟಬೇಕಾಗಿದ್ದ ಸೌಲಭ್ಯದ ಅರ್ಧ ಭಾಗ ಆ ಒಂದು ಕಾಲಮ್ಮಿನಲ್ಲಿ ಆಗಲೇ ಇತ್ತು.

ಕನ್ನಡದಲ್ಲಿ ‘ಅದೇ’ ಬೇರೆ, ‘ಅಂಥದೇ’ ಬೇರೆ. ಮೇಲಿನ ಮಹಡಿಯೂ ಅದೇ ಎಂದರೆ ಒಂದನ್ನು ತಿದ್ದಿದಾಗ ಎಲ್ಲವೂ ಬದಲಾಗಬೇಕು ಎಂದರ್ಥ. ಅಂಥದೇ ಇನ್ನೊಂದು ಎಂದರೆ ಆರಂಭ ಮಾತ್ರ ಒಂದೇ, ಆಮೇಲೆ ಅದರ ದಾರಿ ಅದಕ್ಕೆ. ಬಳಕೆದಾರರು ನಕಲು ಎನ್ನುವಾಗ ಈ ಎರಡರಲ್ಲಿ ಯಾವುದನ್ನು ಹೇಳುತ್ತಿದ್ದಾರೆ ಎಂಬುದನ್ನು ಊಹಿಸುವ ಕೆಲಸ ತಂತ್ರಾಂಶದ್ದಲ್ಲ ಎಂಬುದು ನನ್ನ ನಿಲುವು. ನಾನು ಆ ಎರಡು ಪದಗಳನ್ನೇ ಎರಡು ಬಟನ್‌ಗಳ ಮೇಲೆ ಬರೆದೆ. ‘ಅದೇ’ ಎಂದು ಜೋಡಿಸಿದ ಮಹಡಿಯೊಂದರಲ್ಲಿ ಸ್ನಾನಗೃಹದ ಟೈಲ್ಸ್ ಮಾತ್ರ ಬದಲಾದರೆ ಏನು ಮಾಡಬೇಕು ಎಂಬುದರ ಮೇಲೆ ತಂಡದಲ್ಲಿ ವಾರಗಟ್ಟಲೆ ವಾದ ನಡೆಯಿತು. ಬದಲಾದ ಮೌಲ್ಯವೊಂದನ್ನು ಮಾತ್ರ ಬಿಡಿಸಿ ಉಳಿದದ್ದನ್ನು ಜೋಡಿಸಿಯೇ ಇಡುವ ಪ್ರಯೋಗವನ್ನೂ ಮಾಡಿ ನೋಡಿದೆವು. ಯಾವ ಸಂಖ್ಯೆ ಮೂಲದ್ದು, ಯಾವುದು ತಿದ್ದಿದ್ದು ಎಂದು ಒಂದು ವಾರದ ನಂತರ ನಮಗೇ ತಿಳಿಯುತ್ತಿರಲಿಲ್ಲ. ಕೊನೆಗೆ, ಬದಲಾದ ಕೊಠಡಿ ಇಡಿಯಾಗಿ ಬೇರ್ಪಟ್ಟು, ಮಹಡಿಯ ಉಳಿದ ಕೊಠಡಿಗಳು ಜೋಡಿಕೊಂಡೇ ಇರುತ್ತವೆ ಎಂದು ನಿರ್ಧರಿಸಿದೆವು, ಎಂಟರಲ್ಲಿ ಒಂದು ಕಂಬ ಬೇರೆಯಾದ ಹಾಗೆ.

ನಕಲಿನೊಂದಿಗೆ ಏನೇನು ಹೋಗಬಾರದು ಎಂಬುದು ಬೇರೆಯದೇ ವಿಚಾರ. ಮಂಜೂರಾತಿಯ ಗುರುತು, ಸೈಟಿನಲ್ಲಿ ಆಗಲೇ ಅಳೆದು ದಾಖಲಿಸಿದ ಪ್ರಮಾಣ, ಹಣ ಪಾವತಿಯ ವಿವರ ಇವು ಹೋಗಕೂಡದು. ಹೋದರೆ ಇನ್ನೂ ಕಟ್ಟದ ಮಹಡಿಗೆ ಬಿಲ್ಲು ಎದ್ದೀತು. ಹಳೆಯ ಯೋಜನೆಯಿಂದ ಹೊಸದಕ್ಕೆ ನಕಲು ಮಾಡುವಾಗ ದರ, ತೆರಿಗೆಗಳೂ ಹಾಗೆಯೇ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದರಿಂದ, ಅದಕ್ಕೂ ಮೊದಲಿನ ಪಟ್ಟಿಯಿಂದ ಬಂದ ಸಾಲು ಹಳೆಯ ತೆರಿಗೆಯನ್ನು ಸದ್ದಿಲ್ಲದೆ ಹೊತ್ತು ತರುತ್ತದೆ. ಕೆಲವು ಸಾಲುಗಳಂತೂ ತಮ್ಮ ಜಾಗದ ಮಿತಿಯನ್ನು ತಮ್ಮ ವಿವರಣೆಯಲ್ಲೇ ಇಟ್ಟುಕೊಂಡಿರುತ್ತವೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ದೆಹಲಿ ದರಪಟ್ಟಿಯಲ್ಲಿ ಮೇಲ್ಗಟ್ಟಡದ ಇಟ್ಟಿಗೆ ಕೆಲಸದ ದರ ಐದನೇ ಅಂತಸ್ತಿನ ಮಟ್ಟದವರೆಗೆ ಮಾತ್ರ. ಅದರಿಂದ ಮೇಲಕ್ಕೆ ಹೆಚ್ಚುವರಿ ದರದ ಬೇರೆ ಸಾಲು ಸೇರಬೇಕು. ನಾಲ್ಕನೆಯದನ್ನು ಐದಕ್ಕೆ ನಕಲು ಮಾಡಿದರೆ ಸರಿ; ಏಳಕ್ಕೆ ಮಾಡಿದರೆ ಒಂದು ಸಾಲು ಕಡಿಮೆ. ಇಂಥ ಕಡೆ ನಮ್ಮ ತಂತ್ರಾಂಶ ಈಗ ತಾನಾಗಿ ಏನನ್ನೂ ಸೇರಿಸದೆ, ಆ ಸಾಲಿಗೆ ಹಳದಿ ಬಣ್ಣ ಹಚ್ಚಿ ನಿಲ್ಲುತ್ತದೆ.

ಹೆಸರಿನ ವಿಷಯ ಚಿಕ್ಕದಾದರೂ ಬಿಲ್ಲಿನಲ್ಲಿ ‘ಮಲಗುವ ಕೋಣೆ ನಕಲು ನಕಲು 2’ ಎಂದು ಅಚ್ಚಾಗಿ ಬಂದಾಗ ಗ್ರಾಹಕರ ಮುಂದೆ ನಗೆಪಾಟಲಾಗುತ್ತದೆ. ಈಗ ಮಹಡಿಯ ಸಂಖ್ಯೆಯಿಂದಲೇ ಹೆಸರು ಹುಟ್ಟುತ್ತದೆ.

ಬಾಕಿಯಿರುವುದು ಕನ್ನಡಿ ನಕಲು. ಎದುರುಬದುರು ಫ್ಲ್ಯಾಟುಗಳಲ್ಲಿ ಒಂದು ಇನ್ನೊಂದರ ಪ್ರತಿಬಿಂಬವಾಗಿರುತ್ತದೆ: ಗೋಡೆಯ ಪ್ರಮಾಣ ಅಷ್ಟೇ, ಗಾರೆ ಅಷ್ಟೇ, ಬಾಗಿಲಿನ ಸಂಖ್ಯೆಯೂ ಅಷ್ಟೇ, ಆದರೆ ಕೀಲಿನ ಬದಿ ಎಡದಿಂದ ಬಲಕ್ಕೆ ಹೋಗುತ್ತದೆ. ಅಂದಾಜು ಪಟ್ಟಿಯ ಮಟ್ಟಿಗೆ ಅದು ‘ಅದೇ’, ಚೌಕಟ್ಟು ತರಿಸುವವರ ಮಟ್ಟಿಗೆ ‘ಅಂಥದೇ’ ಕೂಡ ಅಲ್ಲ. ಸದ್ಯಕ್ಕೆ ಬಾಗಿಲಿನ ಟಿಪ್ಪಣಿಯಲ್ಲಿ ‘ಎಡ’ ಅಥವಾ ‘ಬಲ’ ಎಂದು ಬಳಕೆದಾರರೇ ಬರೆದುಕೊಳ್ಳುತ್ತಿದ್ದಾರೆ.