ಆಯಿ ಕರೆದಾಗ

ಶಿರಸಿಯಲ್ಲಿ ಬೆಳಗ್ಗಿನಿಂದ ಬಿಡದ ಮಳೆ. ಕರೆಂಟ್ ಎರಡು ಸಲ ಹೋಗಿ ಬಂತು. ಅಪ್ಪಯ್ಯನಿಗೆ ಅಂತ ಮಾಡ್ತಿರೋ ಅಡಿಕೆ ಧಾರಣೆಯ ಪುಟ್ಟ ಆ್ಯಪ್‌ನಲ್ಲಿ 'ಧಾರಣೆ-ಬದಲು' ಅಂತ ನನ್ನದೇ ಒಂದು ಕಸ್ಟಮ್ ಇವೆಂಟ್, ಅಂದರೆ ಆ್ಯಪ್ ತನ್ನೊಳಗೇ ಕೂಗಿ ಹೇಳೋ ಸುದ್ದಿ, ಇಟ್ಟಿದ್ದೆ. ಚಾಲಿ (ಒಣಗಿಸಿ ಸುಲಿದ ಅಡಿಕೆ) ದರ ಬದಲಾದರೆ ಒಂದು ಸಲ ಟಿಣ್ ಅನ್ನಬೇಕು. ಆದರೆ ಧಾರಣೆ ಪುಟ ಎಷ್ಟು ಸಲ ತೆರೆದು ಮುಚ್ಚಿದ್ದೆನೋ ಅಷ್ಟೂ ಸಲ ಟಿಣ್ ಟಿಣ್ ಟಿಣ್ ಅಂತಿತ್ತು.

ಎರಡು ತಾಸು ತಲೆ ಕೆರೆದುಕೊಂಡ ಮೇಲೆ ಸಿಕ್ತು. ಆ ಸುದ್ದಿ ಕೇಳಿಸಿಕೊಳ್ಳೋ ಫಂಕ್ಷನ್ನನ್ನು, ಅಂದರೆ ಲಿಸನರನ್ನು, ಪುಟ ತೆರೆದಾಗ ಸೇರಿಸುವಾಗಲೂ ಮುಚ್ಚಿದಾಗ ತೆಗೆಯುವಾಗಲೂ ಅಲ್ಲಲ್ಲೇ ಬೈಂಡ್ ಮಾಡಿದ್ದೆ, ಅಂದರೆ ಅದರ ಆಬ್ಜೆಕ್ಟ್‌ಗೆ ಕಟ್ಟಿದ್ದೆ. ಜಾವಾಸ್ಕ್ರಿಪ್ಟ್‌ನಲ್ಲಿ ಬೈಂಡ್ ಪ್ರತಿ ಸಲ ಹೊಸ ಫಂಕ್ಷನ್ನನ್ನೇ ಕೊಡುತ್ತೆ; ಲಿಸನರ್ ತೆಗೆಯೋ ರಿಮೂವ್‌ಇವೆಂಟ್‌ಲಿಸನರ್‌ಗೆ ಹಳೆಯದು ಸಿಗೋದೇ ಇಲ್ಲ, ಅದು ಅಲ್ಲೇ ಉಳಿದುಬಿಡುತ್ತೆ. ಎರರ್ ಆದರೂ ಕೊಡುತ್ತಾ? ಅದೂ ಇಲ್ಲ, ಸುಮ್ಮನಿರುತ್ತೆ, ಕಳ್ಳ! ಆಬ್ಜೆಕ್ಟ್ ಹುಟ್ಟುವಾಗ ಓಡೋ ಕನ್‌ಸ್ಟ್ರಕ್ಟರ್‌ನಲ್ಲಿ ಒಂದೇ ಸಲ ಬೈಂಡ್ ಮಾಡಿ ಇಟ್ಟುಕೊಂಡೆ, ಸರಿಹೋಯ್ತು.

ಅಷ್ಟರಲ್ಲಿ ಆಯಿ ಒಳಗಿಂದ, "ಊಟಕ್ಕಾತು, ಬಾರೋ ತಮಾ" ಅಂದಳು. ಕೂಗು ಒಂದೇ. ಅಪ್ಪಯ್ಯ ಪೇಪರ್ ಮಡಚಿದ, ಜಗಲಿಯ ನಾಯಿ ಎದ್ದು ಮೈ ಕೊಡವಿತು, ನಾನೊಬ್ಬ "ಬಂದೆ" ಅಂದು ಕೂತೇ ಇದ್ದೆ. ಇವೆಂಟ್ ಡಿಸ್ಪ್ಯಾಚ್ ಮಾಡಿದವರಿಗೆ, ಅಂದರೆ ಕೂಗಿ ಬಿಟ್ಟವರಿಗೆ, ಯಾರ್ಯಾರು ಕೇಳಿಸಿಕೊಂಡರು ಅಂತ ಗೊತ್ತಾಗಲ್ಲ. ಆಯಿಗೆ ಗೊತ್ತಾಗುತ್ತೆ. ಎರಡನೇ ಕೂಗಿನಲ್ಲಿ ನನ್ನ ಪೂರ್ತಿ ಹೆಸರಿತ್ತು.