ಒಂದೇ ಬಸಿರು, ಎರಡು ಬಗೆಯ ಉಸಿರು

ನನ್ನ ಅವಳಿ ಮಕ್ಕಳು 27ನೆಯ ವಾರದಲ್ಲೇ ಹುಟ್ಟಿದರು. ಮಗಳು ಒಂದು ತಿಂಗಳಾಗುವಷ್ಟರಲ್ಲಿ ಯಂತ್ರದ ಹಂಗಿಲ್ಲದೆ ಉಸಿರಾಡತೊಡಗಿದಳು. ಮಗನಿಗೆ, ಬಸಿರಿನ ಲೆಕ್ಕದಲ್ಲಿ 36 ವಾರ ತುಂಬಿದಾಗಲೂ ಮೂಗಿನ ನಳಿಕೆ ತೆಗೆಯಲಾಗಲಿಲ್ಲ. ಅದನ್ನು ಹಿಡಿದಿದ್ದ ಅಂಟುಪಟ್ಟಿಯನ್ನು ಬದಲಿಸಿದಾಗಲೆಲ್ಲ ಕೆನ್ನೆಯ ತೆಳುಚರ್ಮ ಕೆಂಪಾಗುತ್ತಿತ್ತು. ಆ ಹೊತ್ತಿಗೂ ಆಮ್ಲಜನಕ ಬೇಕಾಗುವ ಶ್ವಾಸಕೋಶದ ಈ ಕಾಯಿಲೆಗೆ ಬ್ರಾಂಕೋಪಲ್ಮನರಿ ಡಿಸ್‌ಪ್ಲೇಸಿಯಾ, ಚಿಕ್ಕದಾಗಿ ಬಿಪಿಡಿ, ಎಂದು ಹೆಸರು.

"ನಿಮ್ಮ ತವರಿನಲ್ಲಿ ಯಾರಿಗಾದರೂ ಉಬ್ಬಸ ಇತ್ತೇನಮ್ಮ?" ಎಂದು ಅತ್ತೆ ಕೇಳಿದರು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ, ಆದರೂ ನನಗೆ ಅಂದು ನಿದ್ದೆ ಬರಲಿಲ್ಲ.

1967ರಲ್ಲಿ ಅಮೆರಿಕದ ನಾರ್ತ್‌ವೇ ಮತ್ತು ಸಂಗಡಿಗರು ಈ ಕಾಯಿಲೆಯನ್ನು ಮೊದಲ ಬಾರಿಗೆ ವಿವರಿಸಿದಾಗ, ವೆಂಟಿಲೇಟರಿನ ಒತ್ತಡ ಮತ್ತು ಹೆಚ್ಚು ಪ್ರಮಾಣದ ಆಮ್ಲಜನಕದ ಮೇಲೆಯೇ ಗಮನವಿತ್ತು. ಅವು ಇಂದಿಗೂ ಕಾರಣಗಳೇ. ಗಾಳಿಗೂಡುಗಳು ಇನ್ನೂ ಮೂಡಿರದ ಶ್ವಾಸಕೋಶಕ್ಕೆ ಸೋಂಕೂ ಪೆಟ್ಟು ಕೊಡುತ್ತದೆ, ಗಂಡುಮಕ್ಕಳಿಗೆ ಅಪಾಯ ತುಸು ಹೆಚ್ಚು. ಆದರೆ ಒಂದೇ ವಾರದಲ್ಲಿ ಹುಟ್ಟಿ, ಒಂದೇ ಬಗೆಯ ಆರೈಕೆ ಪಡೆದ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಏಕೆ ಎಂಬುದಕ್ಕೆ ಇಷ್ಟೇ ಉತ್ತರ ಸಾಲದು.

ಅದಕ್ಕಾಗಿಯೇ ಸಂಶೋಧಕರು ಅವಳಿಗಳತ್ತ ತಿರುಗಿದರು. ತದ್ರೂಪಿ ಅವಳಿಗಳ ವಂಶವಾಹಿಗಳು ಒಂದೇ. ನನ್ನ ಮಕ್ಕಳಂಥ ಅವಳಿಗಳಲ್ಲಿ ಸರಾಸರಿ ಅರ್ಧದಷ್ಟು ಮಾತ್ರ ಸಮಾನ. ಎರಡೂ ಗುಂಪುಗಳನ್ನು ಹೋಲಿಸಿದ 2006ರ ಅಮೆರಿಕದ ಅಧ್ಯಯನವೊಂದು, ಬಿಪಿಡಿಗೆ ತುತ್ತಾಗುವ ಸಾಧ್ಯತೆಯಲ್ಲಿನ ವ್ಯತ್ಯಾಸದ ಶೇ. 53ರಷ್ಟನ್ನು ಅನುವಂಶೀಯತೆಗೆ ಸೇರಿಸಿತು. 2008ರ ಕೆನಡಾದ ಅಧ್ಯಯನದಲ್ಲಿ, ಮಧ್ಯಮ ಮತ್ತು ತೀವ್ರ ಸ್ವರೂಪದ ಕಾಯಿಲೆಗೆ ಅದು ಸುಮಾರು ಶೇ. 80ರಷ್ಟಿತ್ತು.

ಈ ಅಂಕಿಯನ್ನು ಮೊದಲು ಓದಿದಾಗ ನನ್ನ ಎದೆ ಧಸಕ್ಕೆಂದಿತು. ಅದನ್ನು ಅರ್ಥಮಾಡಿಕೊಳ್ಳಲು ದಿನಗಳೇ ಹಿಡಿದವು. ಅದು ನನ್ನ ಮಗನ ಕಾಯಿಲೆಯಲ್ಲಿ ಇಷ್ಟು ಪಾಲು ಮನೆತನದ್ದೆಂದು ಹೇಳುವುದಿಲ್ಲ. ಒಂದು ಗುಂಪಿನ ಶಿಶುಗಳ ನಡುವಿನ ವ್ಯತ್ಯಾಸದ ಮಾತು ಅದು. ಒಬ್ಬ ಮಗುವಿನ ಪುಪ್ಪುಸವನ್ನು ಆ ಲೆಕ್ಕದಿಂದ ತವರಿಗಿಷ್ಟು, ಅತ್ತೆಮನೆಗಿಷ್ಟು ಎಂದು ಪಾಲು ಹಾಕಲಾಗದು.

ಕಾರಣವಾದ ವಂಶವಾಹಿಯನ್ನು ಬೆರಳಿಟ್ಟು ತೋರಿಸುವುದಂತೂ ಇನ್ನೂ ಕಷ್ಟವಾಗಿದೆ. 2011ರಲ್ಲಿ ಫ್ರಾನ್ಸಿನ ಸಂಶೋಧಕರು ಸ್ಪಾಕ್‌2 ಎಂಬುದನ್ನು ಗುರುತಿಸಿದರು. 2013ರಲ್ಲಿ ಅಮೆರಿಕದಲ್ಲಿ 1,700ಕ್ಕೂ ಹೆಚ್ಚು ಶಿಶುಗಳ ಜೀನೋಮನ್ನು ಜಾಲಾಡಿದಾಗ ಖಚಿತವೆನ್ನಬಹುದಾದ ಒಂದೂ ಸಿಗಲಿಲ್ಲ. ಶ್ವಾಸಕೋಶ ಕುಸಿಯದಂತೆ ತಡೆಯುವ ಸರ್ಫ್ಯಾಕ್ಟಂಟ್, ಉರಿಯೂತ, ರಕ್ತನಾಳಗಳ ಬೆಳವಣಿಗೆ, ಇವುಗಳಿಗೆ ಸಂಬಂಧಿಸಿದ ಹಲವು ವಂಶವಾಹಿಗಳು ಚೂರುಚೂರಾಗಿ ಕೈಜೋಡಿಸುತ್ತಿರಬೇಕೆಂಬುದೇ ಈಗ ಹೆಚ್ಚು ಒಪ್ಪಿತವಾದ ವಿವರಣೆ.

ಇದನ್ನೆಲ್ಲ ಅತ್ತೆಗೆ ಒಂದು ಸಂಜೆ ಕುಳಿತು ಹೇಳಿದೆ. ಗಾಳಿಗೂಡುಗಳು ಹುಟ್ಟಿದ ಮೇಲೂ ಕೆಲವು ವರ್ಷ ಹೊಸದಾಗಿ ಮೂಡುತ್ತಲೇ ಇರುತ್ತವೆ, ಹೊಗೆ ಅವಕ್ಕೆ ಶತ್ರು ಎಂದಾಗ ಅವರು ಮೊಮ್ಮಗನ ಮುಖವನ್ನೇ ನೋಡುತ್ತಿದ್ದರು. ಮರುದಿನದಿಂದ ದೇವರ ಮನೆಯ ಊದುಬತ್ತಿಯನ್ನು ಅವರು ಅಂಗಳದ ತುಳಸಿಕಟ್ಟೆಯ ಬಳಿಯೇ ಹಚ್ಚುತ್ತಿದ್ದಾರೆ.