ಮಾಳ ದಾಟಿದ ಮೇಲೆ

ಮೇ ತಿಂಗಳ ಮಂಗಳೂರಿನಲ್ಲಿ ಸ್ನಾನ ಮುಗಿಸಿ ಬಂದವರು ಬೈರಾಸು ಹರವುವುದರೊಳಗೆ ಮತ್ತೆ ಒದ್ದೆಯಾಗಿರುತ್ತಾರೆ. ಬಯಲುಸೀಮೆಯ ನೆಂಟರಿಗೆ ಇದು ತಲೆಗೆ ಹೋಗುವುದಿಲ್ಲ. ‘ನಮ್ಮಲ್ಲಿ 40 ಡಿಗ್ರಿ, ನಿಮ್ಮಲ್ಲಿ 34 ಅಷ್ಟೇ’ ಅನ್ನುತ್ತಾರೆ. ಅಲ್ಲಿ ಬೆವರು ಆರುತ್ತದೆ, ಆರುವಾಗ ಮೈಯ ಬಿಸಿಯನ್ನೂ ಒಯ್ಯುತ್ತದೆ. ಇಲ್ಲಿ ಕಡಲಿನ ತೇವ ತುಂಬಿಕೊಂಡ ಗಾಳಿ ಬೆವರನ್ನು ಮುಟ್ಟುವುದೇ ಇಲ್ಲ. ಬಿಸಿಲಿಗಾದರೆ ಕೊಡೆ ಉಂಟು. ಸೆಕೆಗೆ ಎಂಥ ಹಿಡಿಯುವುದು?

‘ಬೆಳಗ್ಗೆ ಬೇಗ ಹೊರಡುವ, ಕುದುರೆಮುಖ ದಾಟಿ ಕಳಸಕ್ಕೆ’ ಎಂದು ಭಾವ ಹೇಳಿದ್ದು ಇಂಥದೇ ಒಂದು ರಾತ್ರಿ, ಕರೆಂಟು ಹೋದಾಗ. ಬೇಗ ಎಂದದ್ದು ಎಂಟೂವರೆಯಾಯಿತು ಬಿಡಿ.

ಮೂಡುಬಿದಿರೆಯವರೆಗೆ ಹೇಳುವಂಥದ್ದೇನೂ ಇಲ್ಲ. ಹೆದ್ದಾರಿ ಅಗಲ ಮಾಡುವ ಧೂಳು, ಗುಡ್ಡ ಕಡಿದಲ್ಲಿ ಮುರಕಲ್ಲಿನ ಕೆಂಪು. ಕಾರ್ಕಳದಲ್ಲಿ 42 ಅಡಿಯ ಗೊಮ್ಮಟ 1432ರಿಂದ ಇದೇ ಬಿಸಿಲಿಗೆ ನಿಂತಿದ್ದಾನೆ. ನಮ್ಮ ಗೊಣಗಾಟ ಅಲ್ಲಿಗೆ ನಿಂತಿತು. ಬಜಗೋಳಿ ಕಳೆದು ಮಾಳ ಬಂತು. ರಸ್ತೆ ಮೇಲ್ಮುಖವಾಯಿತು.

‘ಎಸಿ ಬಂದ್ ಮಾಡು ಮಾರಾಯ, ಗಾಡಿ ಎಳೀಲಿಕ್ಕೆ ಬಿಡು’ ಎಂದರು ಭಾವ. ಕಿಟಕಿ ಇಳಿಸಿದೆ. ಮೊದಲು ಒಳಗೆ ಬಂದದ್ದು ತಂಪಲ್ಲ, ಸದ್ದು. ಜೀರುಂಡೆಗಳ ಆ ಒಂದೇ ಸಮನೆಯ ಕಿರುಚಾಟದಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ಕಾಡು ಮೌನವಾಗಿರುತ್ತದೆ ಎಂದು ಬರೆಯುವವರನ್ನು ಮೇ ತಿಂಗಳಲ್ಲಿ ಈ ಘಾಟಿಯಲ್ಲಿ ಒಂದು ಗಂಟೆ ಕೂರಿಸಬೇಕು. ತಂಪು ಬಂದದ್ದು ಆಮೇಲೆ, ತಿರುವಿನಿಂದ ತಿರುವಿಗೆ ಸ್ವಲ್ಪ ಸ್ವಲ್ಪವೇ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕ ಶಾಲೆಯಲ್ಲಿ ಓದಿದ್ದೇ. ಮೈಗೆ ಗೊತ್ತಾಗುವುದು ಬೇರೆ ಥರ: ಬೆನ್ನಿಗೆ ಅಂಟಿದ್ದ ಅಂಗಿ ಯಾವಾಗಲೋ ಬಿಟ್ಟುಕೊಂಡಿರುತ್ತದೆ, ಕಿವಿ ಟಪ್ಪೆಂದಾಗ ಅದು ಗಮನಕ್ಕೆ ಬರುತ್ತದೆ.

ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಗಡಿ) ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಕೊಟ್ಟರು. ರಾಷ್ಟ್ರೀಯ ಉದ್ಯಾನದ ಒಳಗೆ ಸಿಕ್ಕಲ್ಲಿ ನಿಲ್ಲಿಸಿ ಗಮ್ಮತ್ತು ಮಾಡುವ ಹಾಗಿಲ್ಲ. ನನಗಂತೂ ಈ ಚೀಟಿಯ ಮೇಲೆ ಗೌರವವೇ. ಅಲ್ಲಿಂದ ಮುಂದೆ ದಟ್ಟ ಕಾಡು ಕಣಿವೆಗೆ ಸರಿದು, ಮೇಲೆಲ್ಲ ಹುಲ್ಲಿನ ಬೆಟ್ಟಗಳು. ಮಳೆಗಾಲದ ಹಸಿರು ಫೋಟೋಗಳನ್ನು ನೋಡಿ ಬಂದವರಿಗೆ ನಿರಾಸೆಯಾದೀತು. ಈಗ ಅವು ಒಣಗಿ ಹೊಂಬಣ್ಣಕ್ಕೆ ತಿರುಗಿದ್ದವು, ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡಿನ ಕಪ್ಪು ಹಸಿರು. ಜೀರುಂಡೆ ಹಿಂದೆ ಉಳಿದಿತ್ತು.

ದಾರಿಯಲ್ಲೇ ಗಂಗಾಮೂಲದ ಬೆಟ್ಟ. ಮೂರು ನದಿಗಳು ಹುಟ್ಟುವುದು ಇಲ್ಲೇ: ತುಂಗೆ, ಭದ್ರೆ ಪೂರ್ವಕ್ಕೆ ಹೋಗುತ್ತವೆ, ನೇತ್ರಾವತಿ ನಮ್ಮ ಕಡೆ ಇಳಿಯುತ್ತದೆ. ಮೇ ಬಂದರೆ ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲಿ ನೀರೆಷ್ಟು ಉಂಟು ಎಂದು ಪೇಪರಿನಲ್ಲಿ ಹುಡುಕುವ ಮಂಗಳೂರಿನವರಿಗೆ ಈ ಬೆಟ್ಟ ಅಷ್ಟೇನೂ ದೂರದ್ದಲ್ಲ. ಇಲ್ಲಿಂದ ಕೆಳಗೆ ಇಳಿದದ್ದು ನೀರೊಂದೇ ಅಲ್ಲ. ಕುದುರೆಮುಖದಲ್ಲಿ ಅಗೆದ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರನ್ನು ಪುಡಿಮಾಡಿ, ನೀರಲ್ಲಿ ಕದಡಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಹರಿಸುತ್ತಿದ್ದರು. ಹೂಳೆಲ್ಲ ಭದ್ರೆಗೆ ಸೇರುತ್ತಿದೆ ಎಂಬ ಕೂಗೆದ್ದು, ಸುಪ್ರೀಂ ಕೋರ್ಟ್ ತೀರ್ಪು ಬಂದು, 2005ರ ಕೊನೆಯ ದಿನಕ್ಕೆ ಗಣಿ ನಿಂತಿತು.

ಭಾವ ಹುಡುಗನಾಗಿದ್ದಾಗ ಶಾಲೆಯ ಪ್ರವಾಸದಲ್ಲಿ ಬಂದಿದ್ದರಂತೆ. ‘ಆಗ ಇಲ್ಲಿ ಪಾಳಿ ಬಿಡುವ ಹೊತ್ತಿಗೆ ಬಸ್ಸುಗಳ ಸಾಲು. ಘಟ್ಟದ ಮೇಲೆ ಪೇಟೆ ಉಂಟು ಅಂತ ನಾವು ಬಾಯಿ ಬಿಟ್ಟು ನೋಡಿದ್ದೆವು’ ಎಂದರು. ಈಗ ಗಣಿಯವರ ಟೌನ್‌ಶಿಪ್ಪಿನ ರಸ್ತೆಗಳು ನೆಟ್ಟಗೆ, ಅಗಲಕ್ಕೆ ಹಾಗೇ ಉಂಟು, ಓಡಾಡುವವರು ಕಡಿಮೆ. ಬೀಗ ಹಾಕಿದ ಮನೆಗಳ ಮಾಡಿನ ಮೇಲೆ ಪಾಚಿ. ಕಾರು ನಿಲ್ಲಿಸಿ ಇಳಿದರೆ ಇಂಜಿನ್ ಆರುವ ಟಿಕ್ ಟಿಕ್ ಕೂಡ ಕೇಳಿಸುತ್ತಿತ್ತು.

ಇದನ್ನು ಬೆಟ್ಟದ ಸಹಜ ಮೌನ ಎನ್ನಲಿಕ್ಕೆ ನನಗೆ ಮನಸ್ಸಾಗಲಿಲ್ಲ. ಇದು ಜಗಳವಾಡಿ ಗಳಿಸಿದ ಮೌನ. ಯಾರದೋ ಕೆಲಸ ಹೋಗಿದೆ, ಯಾರದೋ ಮಕ್ಕಳು ಅರ್ಧ ವರ್ಷದಲ್ಲಿ ಶಾಲೆ ಬದಲಿಸಿರಬಹುದು. ಹಾಗಂತ ಗಣಿ ಇರಬೇಕಿತ್ತು ಎಂದೂ ಅನ್ನಿಸಲಿಲ್ಲ.

‘ಇಷ್ಟು ಮನೆ ಸುಮ್ಮನೆ ಬಿದ್ದುಂಟು. ರೆಸಾರ್ಟ್ ಮಾಡಿದರೆ ಊರಿನವರಿಗೆ ನಾಲ್ಕು ಕಾಸು ಆಗ್ತದೆ’ ಎಂದರು ಭಾವ.

‘ಮಾಡಿದರೆ ಶನಿವಾರ ಡಿಜೆ ಬರ್ತದೆ, ಭಾವ.’

‘ನೀನು ಸೆಕೆ ತಪ್ಪಿಸಲಿಕ್ಕೆ ಬರಬಹುದು, ಬೇರೆಯವರು ಬರಬಾರದಾ?’

ಇದಕ್ಕೆ ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ. ಒಂದು ದಿನಕ್ಕೆ ಬಂದು ಹೋಗುವುದು ಬೇರೆ, ಬೀಡು ಬಿಡುವುದು ಬೇರೆ ಎಂದೇನೋ ವಾದ ಹೂಡಿದೆ. ‘ಅದನ್ನು ಹೇಳಲಿಕ್ಕೆ ನೀನು ಯಾರು’ ಎಂದರು. ಕಳಸದ ಮೊದಲ ಮನೆಗಳು ಕಾಣುವವರೆಗೂ ಇಬ್ಬರೂ ಬಿಡಲಿಲ್ಲ.